20 ನಿಮಿಷ ಕಾಯುವ ಭಾಗ

"ಅಕ್ಕಾ, ನಿಮ್ಮ ವಿಡಿಯೋ ನೋಡಿ ನಾನೂ ಹಾಗೇ ಮಾಡಿದೆ, ಅಪ್ಪನ ಡೈರಿ ಹರಿದುಹೋಯ್ತು."

ಬೆಳಿಗ್ಗೆ ಎದ್ದು ಫೋನ್ ತೆಗೆದರೆ ಈ ಮೆಸೇಜ್. ಜೊತೆಗೊಂದು ಫೋಟೋ. ಡೈರಿಯ ಬೆನ್ನಿನ ಹತ್ತಿರ, ಅಂದರೆ ಹಾಳೆಗಳನ್ನು ಸೇರಿಸಿ ಹೊಲಿದಿರುವ ಬದಿಯಲ್ಲಿ, ಸೀಳಿದ ಹಾಳೆಗಳು, ನೀಲಿ ಶಾಯಿಯ ಸಾಲುಗಳು ಅರ್ಧಕ್ಕೇ ತುಂಡಾಗಿದ್ದವು. ನೋಡಿ ಕೈಕಾಲೇ ಆಡಲಿಲ್ಲ.

ನಾನು ಹಳೇ ಪುಸ್ತಕ ರಿಪೇರಿ ಮಾಡುವವಳು. ಕೆಲಸದ ವಿಡಿಯೋ ಹಾಕಿ ಹಾಕಿಯೇ ನಾಲ್ಕು ಜನಕ್ಕೆ ನನ್ನ ಹೆಸರು ಗೊತ್ತಾಗಿದ್ದು. ಆದರೆ ಈ ಕೆಲಸ ತುಂಬಾ ನಿಧಾನ. ಪುಸ್ತಕದ ಬೆನ್ನಿನ ಮೇಲಿನ ಹಳೇ ಅಂಟು ಒಣಗಿ ಗಾಜಿನ ಹಾಗೆ ಗಟ್ಟಿಯಾಗಿರುತ್ತದೆ. ಅದರ ಮೇಲೆ ಹಿಟ್ಟಿನ ಅಂಟನ್ನು ದಪ್ಪಗೆ ಬಳಿದು ಸುಮಾರು 20 ನಿಮಿಷ ಸುಮ್ನೆ ಬಿಡಬೇಕು, ತೇವ ಹೀರಿಕೊಂಡು ಅದು ಮೆತ್ತಗಾದ ಮೇಲೆ ಮೊಂಡು ಪಟ್ಟಿಯಿಂದ ಮೆಲ್ಲಗೆ ಕೆರೆಯಬೇಕು, ಆಮೇಲೇ ಹೊಲಿಗೆಯ ದಾರ ಕತ್ತರಿಸಿ ಹಾಳೆ ಬಿಡಿಸುವುದು.

ಕಾಯುವ ಈ ಭಾಗವನ್ನೇ ನಾನು ವಿಡಿಯೋದಿಂದ ತೆಗೆದುಹಾಕಿದ್ದೆ.

ಯಾಕೆ ಅಂದರೆ, ನನ್ನ ವಿಡಿಯೋವನ್ನು ಜನ ಎಲ್ಲಿಯವರೆಗೆ ನೋಡಿದರು ಅಂತ ತೋರಿಸುವ ಗ್ರಾಫ್ ತೆರೆದಾಗಲೆಲ್ಲ ಅಂಟು ಬಳಿದು ಕೂರುವ ಜಾಗಕ್ಕೆ ಬಂದಕೂಡಲೇ ಗೆರೆ ಧೊಪ್ಪನೆ ಕೆಳಗೆ ಬೀಳುತ್ತಿತ್ತು. ಯೂಟ್ಯೂಬ್ 2012ರಲ್ಲೇ ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಜಾಸ್ತಿ ಬೆಲೆ ಕೊಡಲು ಶುರು ಮಾಡಿತು. ಇನ್‌ಸ್ಟಾಗ್ರಾಂ 2016ರಲ್ಲಿ, ಹಾಕಿದ ಸಮಯದ ಪ್ರಕಾರ ತೋರಿಸುವುದನ್ನು ಬಿಟ್ಟು, ನೋಡುವವರಿಗೆ ಯಾವುದು ಹಿಡಿಸಬಹುದು ಅಂತ ಲೆಕ್ಕ ಹಾಕಿ ಜೋಡಿಸತೊಡಗಿತು. ಜನ ಮಧ್ಯದಲ್ಲೇ ಎದ್ದುಹೋಗುವ ವಿಡಿಯೋವನ್ನು ಇನ್ನಷ್ಟು ಜನಕ್ಕೆ ಯಾಕೆ ತೋರಿಸುತ್ತಾರೆ, ಅಲ್ವಾ? ಹಾಗಾಗಿ ಯಾರಿಗೂ ಬೇಡವಾದ ಒಂದು ಪುಸ್ತಕ ತೆಗೆದುಕೊಂಡು, ಮೊದಲ ಎರಡು ಸೆಕೆಂಡಿನಲ್ಲೇ ಬೆನ್ನನ್ನು ಪರ್ರ್ ಅಂತ ಕಿತ್ತೆ. ಆ ಸದ್ದಿಗೇ ಜನ ಬಂದರು. ನಾನು ಹಿಂದೆಂದೂ ನೋಡದಷ್ಟು ಜನ. ಎರಡು ದಿನ ತುಂಬಾ ಖುಷಿಯಾಗಿದ್ದೆ.

ಸುಳ್ಳು ತೋರಿಸು ಅಂತ ಅಲ್ಗಾರಿದಮ್ ನನಗೆ ಹೇಳಿರಲಿಲ್ಲ. ಬೇಡದ ಪುಸ್ತಕ ಕಿತ್ತವಳು ನಾನು, ನಂಬಿ ಅಪ್ಪನ ಡೈರಿ ಕಿತ್ತವಳು ಅವಳು.

ಹಲ್ಲುಜ್ಜುವ ಮೊದಲೇ ಆ ವಿಡಿಯೋ ತೆಗೆದೆ. ಅವಳಿಗೆ ಫೋನ್ ಮಾಡಿ ಕ್ಷಮೆ ಕೇಳಿದೆ. "ಚೂರುಗಳನ್ನೂ ಬಿಸಾಡಬೇಡಮ್ಮ, ಎಲ್ಲ ಕಳಿಸು" ಅಂದೆ. ಡೈರಿ ಬಂತು, ಚೂರುಗಳು ಬೇರೆ ಕವರಿನಲ್ಲಿದ್ದವು. ಮೊದಲು ಒದ್ದೆ ಹತ್ತಿಯನ್ನು ಒಂದು ಮೂಲೆಯ ಚುಕ್ಕೆಗೆ ಮುಟ್ಟಿಸಿ ಶಾಯಿ ಹರಡುತ್ತದಾ ಅಂತ ನೋಡಿದೆ. ಹರಡಿತು. ಅಂದರೆ ತೇವ ಇನ್ನೂ ಕಡಿಮೆ ಇರಬೇಕು, ಕೆಲಸ ಇನ್ನೂ ನಿಧಾನ ಆಗಬೇಕು. ಸೀಳಿದ ಕಡೆ ತೆಳು ಟಿಶ್ಯೂ ಕಾಗದದ ಪಟ್ಟಿಗೆ ಅಂಟನ್ನು ಇದ್ದೂ ಇಲ್ಲದಷ್ಟು ಸವರಿ ಕೂರಿಸುತ್ತಾ ಹೋದೆ, ಒಂದು ಹಾಳೆಗೆ ಅರ್ಧ ದಿನ ಹಿಡಿಯಿತು.

ಚಿತ್ರೀಕರಿಸಲಾ ಅಂತ ಅವಳನ್ನು ಕೇಳಿದ್ದೆ. "ಮಾಡಿ ಅಕ್ಕಾ, ಆದ್ರೆ ಹರಿದದ್ದನ್ನೂ ತೋರಿಸಿ" ಅಂದಳು. ಹೊಸ ವಿಡಿಯೋ ಆ ಹರಿದ ಹಾಳೆಯಿಂದಲೇ ಶುರುವಾಗುತ್ತದೆ, ಅದು ಯಾರ ವಿಡಿಯೋ ನೋಡಿ ಹರಿಯಿತು ಅಂತಲೂ ಹೇಳಿದ್ದೇನೆ. ಕಾಯುವ ಭಾಗ ಒಂದು ನಿಮಿಷವೂ ಕತ್ತರಿಸದೆ ಪೂರ್ತಿ ಇದೆ.