ಜಿಂಕೆ ಬೇಟೆಗೆ ಯಾವ ಕ್ಯಾಲಿಬರ್ ಅಂತ ಕೇಳುವವರಿಗೆ

.308 ವಿಂಚೆಸ್ಟರ್ ತಗೊಳ್ಳಿ. ಅಂಗಡಿಗೆ ಹೋಗುವ ಆತುರ ಇದ್ದವರು ಇಷ್ಟು ಓದಿ ಹೊರಡಬಹುದು, ಮೋಸವಿಲ್ಲ.

ಉಳಿದವರು ಕೂತುಕೊಳ್ಳಿ. ನಾನು ಹುಟ್ಟಿದ್ದು ಮೂಡಿಗೆರೆ ಕಡೆ, ಈಗ ಇರುವುದು ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ, ಮ್ಯಾಡಿಸನ್ ಊರಿನಲ್ಲಿ. ಇಲ್ಲಿ ನವೆಂಬರ್‌ನ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚಿನ ಶನಿವಾರ ಶುರುವಾಗಿ ಒಂಬತ್ತು ದಿನ ಕೋವಿಯ ಜಿಂಕೆ ಸೀಸನ್ ನಡೆಯುತ್ತದೆ. ಹನ್ನೊಂದು ವರ್ಷದಿಂದ ಹೋಗುತ್ತಿದ್ದೇನೆ. ಇದು ನಮ್ಮವರಿಗೆ ಗೊತ್ತಾದ ದಿನದಿಂದ ರಾಜ್ಯೋತ್ಸವದ ಊಟದ ಸಾಲಿನಲ್ಲಿ, ಮಕ್ಕಳ ಬರ್ತ್‌ಡೇಯಲ್ಲಿ, ಒಂದು ಸಲ ಗೃಹಪ್ರವೇಶದ ಹೋಮದ ಹೊಗೆಯ ನಡುವೆ ಕೂಡ, ಒಂದೇ ಪ್ರಶ್ನೆ. "ಹೊಸ ರೈಫಲ್ ತಗೋಬೇಕು ಅಂತಿದೀನಿ. ಯಾವ ಕ್ಯಾಲಿಬರ್ ತಗೊಳ್ಳಲಿ?"

ಕೇಳಲಿ, ತಪ್ಪಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಪವರ್ ಜಾಸ್ತಿ ಇರೋದು ಹೇಳಿ. ಎಲ್ಲಿ ಹೊಡೆದ್ರೂ ಬೀಳಬೇಕು."

ಎಲ್ಲಿ ಹೊಡೆದರೂ ಬೀಳಬೇಕು. ಈ ಮಾತು ಕೇಳಿದಾಗ ನನಗೆ ಸಿಟ್ಟು ಬರುತ್ತದೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ.

ಮೊದಲು ಕಾನೂನಿನ ಮಾತು ಮುಗಿಸಿಬಿಡೋಣ. ಇದೆಲ್ಲ ಇಲ್ಲಿಯ ಬೇಟೆಯ ವಿಷಯ. ನಮ್ಮ ಊರಿನಲ್ಲಿ ಜಿಂಕೆ, ಕಡವೆ, ಕಾಡುಕುರಿ ಹೊಡೆಯುವುದು 1972ರ ವನ್ಯಜೀವಿ ಕಾಯಿದೆಯ ಪ್ರಕಾರ ಅಪರಾಧ, ಅಪರಾಧವಾಗಿಯೇ ಇರಲಿ. ಇಲ್ಲಿ 1973ರ ಜನವರಿ 1ರಂದು ಅಥವಾ ಆಮೇಲೆ ಹುಟ್ಟಿದವರು ಬೇಟೆಯ ತರಬೇತಿ ಪಾಸಾಗಬೇಕು. ಇನ್ನು ಎಚ್-1ಬಿ ವೀಸಾದವರು: ನಿಮ್ಮ ಹತ್ತಿರ ಕೋವಿ ಇರುವುದನ್ನೇ ಇಲ್ಲಿನ ಫೆಡರಲ್ ಕಾನೂನು ಸಾಮಾನ್ಯವಾಗಿ ತಡೆಯುತ್ತದೆ. ಸಿಂಧುವಾದ ಹಂಟಿಂಗ್ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಕ್ಯಾಲಿಬರ್ ನನ್ನನ್ನು ಕೇಳುವ ಮೊದಲು ಇದನ್ನು ವಕೀಲರನ್ನು ಕೇಳಿ. ಗ್ರೀನ್ ಕಾರ್ಡ್‌ಗೆ ಕಾಯುತ್ತಿರುವವರು ಎರಡು ಸಲ ಕೇಳಿ.

ಈಗ ನಂಬರ್‌ಗಳು. ಕ್ಯಾಲಿಬರ್ ಅಂದರೆ ಗುಂಡಿನ ಅಗಲ, ಅಷ್ಟೇ. .308 ಅಂದರೆ ಒಂದು ಇಂಚಿನ ಸಾವಿರ ಭಾಗದಲ್ಲಿ 308 ಭಾಗ, ಸುಮಾರು 7.8 ಮಿಲಿಮೀಟರ್. ನಮ್ಮ ದೊಡ್ಡಪ್ಪನ ಹತ್ತಿರ ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಪಡೆದ ಜೋಡು ನಳಿಗೆ ಕೋವಿ ಇದೆ, 12 ಬೋರಿನದು. ಎಲೆಕ್ಷನ್ ಬಂದಾಗೆಲ್ಲ ಅದನ್ನು ಸ್ಟೇಷನ್ನಿಗೆ ಒಪ್ಪಿಸಿ ಬರುತ್ತಾರೆ. ನಾನು ರೈಫಲ್ ತಗೊಂಡೆ ಅಂತ ಫೋನಿನಲ್ಲಿ ಹೇಳಿದಾಗ ಎಷ್ಟು ಬೋರು ಅಂತ ಕೇಳಿದರು. 308 ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. "ಅಲ್ಲ ಕಣೋ, ನನ್ನದು ಬರೀ 12. ಅಲ್ಲೇನು ಆನೆ ಹೊಡೀತೀಯಾ?" 12 ಬೋರು ಅಂದರೆ ನಳಿಗೆಗೆ ಸರಿಹೊಂದುವ ಸೀಸದ ಉಂಡೆ ಹನ್ನೆರಡು ಸೇರಿದರೆ ಒಂದು ಪೌಂಡು ಅಂತ ಲೆಕ್ಕ. ಹಾಗಾಗಿ ದೊಡ್ಡಪ್ಪನ ನಳಿಗೆ ಹದಿನೆಂಟೂವರೆ ಮಿಲಿಮೀಟರ್, ನನ್ನದರ ಎರಡು ಪಟ್ಟಿಗಿಂತ ಅಗಲ. ನಂಬರ್ ನೋಡಿ ಜೋರು ಅಳೆಯಬೇಡಿ ಅಂತ ಇದನ್ನು ಹೇಳಿದೆ.

ಇಲ್ಲಿನ ಬಿಳಿಬಾಲದ ಜಿಂಕೆಗೆ ಯಾವುದಾದರೂ ನಡೆಯುತ್ತದೆ. 1895ರಲ್ಲಿ ಬಂದ .30-30 ತೋಟಾ ನಡೆಯುತ್ತದೆ, 1906ರ .30-06 ನಡೆಯುತ್ತದೆ, 1925ರ .270 ನಡೆಯುತ್ತದೆ, ಈಗ ಎಲ್ಲರ ಬಾಯಲ್ಲಿರುವ 2007ರ 6.5 ಕ್ರೀಡ್‌ಮೂರ್ ಕೂಡ ನಡೆಯುತ್ತದೆ. .308 ಬಂದದ್ದು 1952ರಲ್ಲಿ. ಅದೇ ತೋಟಾದ, ಗುಂಡು ಕೂರುವ ಕುತ್ತಿಗೆ ಕಿರಿದು ಮಾಡಿ 1955ರಲ್ಲಿ .243 ಮಾಡಿದರು, 1980ರಲ್ಲಿ 7ಎಂಎಂ-08 ಬಂತು. ಮೂರೂ ಒಂದೇ ಮನೆಯ ಮಕ್ಕಳು. ನಾನು .308 ಅನ್ನುವುದಕ್ಕೆ ದೊಡ್ಡ ಕಾರಣವೇನೂ ಇಲ್ಲ. ತೋಟಾ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ, ತರಾವರಿ ಗುಂಡು ಸಿಗುತ್ತದೆ, ಹೊಡೆದಾಗ ಭುಜಕ್ಕೆ ಬೀಳುವ ಒದೆತ ತಡೆಯುವಷ್ಟಿದೆ. ಓಹಾಯೋದಲ್ಲಿ ಇರುವವರಿಗೆ ಮಾತ್ರ ಈ ಉತ್ತರ ಬೇಡ. ಅಲ್ಲಿ ಜಿಂಕೆಗೆ ರೈಫಲ್ ಅಂದರೆ ನೇರ ಗೋಡೆಯ ತೋಟಾದ್ದೇ ಆಗಬೇಕು, ಕುತ್ತಿಗೆ ಕಿರಿದಾದದ್ದು ನಡೆಯುವುದಿಲ್ಲ. 2019ರಲ್ಲಿ ಬಂದ .350 ಲೆಜೆಂಡ್ ನೋಡಿ.

ಈಗ ಆ ಮಾತಿಗೆ ಬರುತ್ತೇನೆ.

ನಾನು ಮೊದಲು ತಗೊಂಡದ್ದು .308 ಅಲ್ಲ. .300 ವಿಂಚೆಸ್ಟರ್ ಮ್ಯಾಗ್ನಮ್. ಅಂಗಡಿಯಲ್ಲಿ ನಾನೂ ಕೇಳಿದ್ದು ಅದನ್ನೇ, ಪವರ್ ಜಾಸ್ತಿ ಇರೋದು ಕೊಡಿ ಅಂತ. ನಂಬರ್ ಚಿಕ್ಕದಾದರೂ ತೋಟಾದಲ್ಲಿ ಮದ್ದು ಜಾಸ್ತಿ, ಅದರ ಒದೆತ .308ರ ಒಂದೂವರೆ ಪಟ್ಟು. ಒಂದು ಮಧ್ಯಾಹ್ನ ಹನ್ನೆರಡು ತೋಟಾ ಹೊಡೆದೆ. ಭುಜ ನೀಲಿಯಾಯಿತು. ಸಾಕು, ಗುರಿ ಸರಿಯಿದೆ ಅಂತ ಪೆಟ್ಟಿಗೆಯಲ್ಲಿ ಇಟ್ಟೆ.

ಆ ವರ್ಷ ರಿಚ್‌ಲ್ಯಾಂಡ್ ಕೌಂಟಿಯಲ್ಲಿ ಒಬ್ಬ ಹಿರಿಯರ ಜಮೀನಿನಲ್ಲಿ ಕೂತಿದ್ದೆ. ಓಕ್ ಮರಗಳ ದಿಣ್ಣೆ, ಕೆಳಗೆ ಹಳ್ಳ, ಅದರಾಚೆ ಮತ್ತೆ ದಿಣ್ಣೆ. ಹಿಮ ಇಲ್ಲದಿದ್ದರೆ ನಮ್ಮ ಮಲೆನಾಡೇ ಅನ್ನಬೇಕು. ಸಂಜೆ ನಾಲ್ಕರ ಹೊತ್ತಿಗೆ ಒಂದು ಹೆಣ್ಣು ಜಿಂಕೆ ಬಂತು. ಅರವತ್ತು ಗಜ. ಅಡ್ಡವಾಗಿ ನಿಂತಿತು. ಇದಕ್ಕಿಂತ ಸುಲಭದ ಗುರಿ ಇರುವುದಿಲ್ಲ. ಹೊಡೆದೆ. ಅದು ಬೀಳಲಿಲ್ಲ, ಓಡಲೂ ಇಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿಸಿ, ಹೊಟ್ಟೆ ನೋವಿನವರು ನಡೆಯುವ ಹಾಗೆ, ನಿಧಾನವಾಗಿ ಪೊದೆಯೊಳಗೆ ನಡೆದು ಹೋಯಿತು.

ನಾನು ತಕ್ಷಣ ಹಿಂದೆಯೇ ಹೋದೆ. ಅದು ಎರಡನೇ ತಪ್ಪು. ಹಿಮದ ಮೇಲೆ ಕಂದು ರಕ್ತದ ಒಂದೆರಡು ಹನಿ, ಒಂದು ಗೊಂಚಲು ಬಿಳಿ ಕೂದಲು, ಅದರ ಪಕ್ಕದಲ್ಲಿ ಹಸಿರು ಹಸಿರಾಗಿ ಅರೆ ಜೀರ್ಣವಾದ ಮೇವು. ಹುಳಿ ವಾಸನೆ. ಗುಂಡು ಹೊಟ್ಟೆಗೆ ಬಿದ್ದಿತ್ತು. ಮುಂದೆ ಮಲಗಿದ್ದ ಜಿಂಕೆ ನನ್ನ ಸದ್ದಿಗೆ ಎದ್ದು ಇನ್ನೂ ದೂರ ಹೋಯಿತು. ಜಮೀನಿನ ಹಿರಿಯರು ಬಂದು, ಇನ್ನು ಹೋಗಬೇಡ, ಬೆಳಗ್ಗೆ ನೋಡೋಣ ಅಂದರು. ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಬೆಳಗ್ಗೆ ಸಿಕ್ಕಿತು, ಹಳ್ಳದ ಅಂಚಿನಲ್ಲಿ, ಮೂತಿ ನೀರಿನ ಕಡೆ ಚಾಚಿ. ಎಷ್ಟು ಹೊತ್ತಿಗೆ ಜೀವ ಹೋಯಿತೋ. ರಾತ್ರಿಯೆಲ್ಲ ಇದ್ದಿರಬಹುದು.

ಜಗತ್ತಿನ ಪವರ್ರೆಲ್ಲ ಆ ಗುಂಡಿನಲ್ಲಿತ್ತು. ಎಲ್ಲಿ ಹೊಡೆದರೂ ಬೀಳುವುದಿಲ್ಲ, ತಿಳಿಯಿತಾ?

ಮುಂದಿನ ವಾರ ಆ ಹಿರಿಯರು ನನ್ನನ್ನು ಶೂಟಿಂಗ್ ರೇಂಜ್‌ಗೆ ಕರೆದುಕೊಂಡು ಹೋದರು. ಅವರದು ಅಪ್ಪನಿಂದ ಬಂದ ಹಳೇ .30-30, ಕಟ್ಟಿಗೆಯ ಬಣ್ಣವೆಲ್ಲ ಕೈ ತಾಗಿ ಹೋಗಿದೆ. ಪ್ರತಿ ಸಲ ನನ್ನ ರೈಫಲ್ ಇಸ್ಕೊಂಡು, ಬೆನ್ನು ತಿರುಗಿಸಿ, ತೋಟಾ ಹಾಕಿ ಕೊಡುತ್ತಿದ್ದರು. ಎರಡು ಸಲ ಹಾಕಿದರು. ಮೂರನೇ ಸಲ ಹಾಕಲಿಲ್ಲ, ನನಗದು ಗೊತ್ತಿಲ್ಲ. ಟ್ರಿಗರ್ ಎಳೆದೆ. ಬರೀ ಟಿಕ್ ಅಂದಿತು. ಅಷ್ಟರಲ್ಲಿ ನಳಿಗೆಯ ತುದಿ ನಾಲ್ಕು ಬೆರಳು ಕೆಳಗೆ ಇಳಿದಿತ್ತು, ಭುಜ ಮುಂದೆ ನುಗ್ಗಿತ್ತು, ಕಣ್ಣು ಗಟ್ಟಿಯಾಗಿ ಮುಚ್ಚಿತ್ತು. ಒದೆತಕ್ಕೆ ಹೆದರಿ ಮೊದಲೇ ಬೆಚ್ಚುತ್ತಿದ್ದೆ. ಅರವತ್ತು ಗಜದಲ್ಲಿ ನಿಂತ ಜಿಂಕೆಯ ಹೊಟ್ಟೆಗೆ ಗುಂಡು ಹೋದದ್ದು ಹೀಗೆ. ಆ ರೈಫಲ್ ಮಾರಿ .308 ತಗೊಂಡೆ. ಉಳಿದ ದುಡ್ಡಿನಲ್ಲಿ ತೋಟಾ ತಗೊಂಡು ಬೇಸಿಗೆಯೆಲ್ಲ ಹೊಡೆದೆ.

ಅದಕ್ಕೇ ನನ್ನನ್ನು ಕ್ಯಾಲಿಬರ್ ಕೇಳಬೇಡಿ. ಯಾವಾಗ ಹೊಡೀಬಾರದು ಅಂತ ಕೇಳಿ. ಹನ್ನೊಂದು ವರ್ಷದಲ್ಲಿ ಒಬ್ಬರೂ ಕೇಳಿಲ್ಲ. ಕೇಳಿದರೆ ಊಟ ಆರಿಹೋದರೂ ಹೇಳುತ್ತೇನೆ.

ಜಿಂಕೆಯ ಎದೆಯಲ್ಲಿ, ಮುಂಗಾಲಿನ ಸ್ವಲ್ಪ ಹಿಂದೆ, ಹೃದಯ ಮತ್ತು ಶ್ವಾಸಕೋಶ ಇರುವ ಜಾಗ ಸುಮಾರು ಎಂಟು ಇಂಚು, ಒಂದು ಅಕ್ಕಿರೊಟ್ಟಿಯಷ್ಟು ಅಗಲ. ಅಲ್ಲಿ .243ರ ಸಣ್ಣ ಗುಂಡು ಬಿದ್ದರೂ ಜಿಂಕೆ ನೂರು ಗಜ ಓಡುವುದರೊಳಗೆ ಮುಗಿಯುತ್ತದೆ. ಆ ರೊಟ್ಟಿ ಕಾಣದಿದ್ದರೆ ಹೊಡೀಬೇಡಿ. ಬಾಲ ನಿಮ್ಮ ಕಡೆ ಇದ್ದರೆ ಬೇಡ. ಓಡುತ್ತಿದ್ದರೆ ಬೇಡ. ದಿಣ್ಣೆಯ ನೆತ್ತಿಯ ಮೇಲೆ ಆಕಾಶಕ್ಕೆ ಎದುರಾಗಿ ನಿಂತಿದ್ದರೆ ಎಷ್ಟೇ ಒಳ್ಳೆ ಕೊಂಬಿದ್ದರೂ ಬೇಡ, ಅದರ ಹಿಂದೆ ಯಾರದೋ ಮನೆ ಇರಬಹುದು. ನೀವು ರೇಂಜ್‌ನಲ್ಲಿ ಅಭ್ಯಾಸ ಮಾಡಿದ ದೂರಕ್ಕಿಂತ ಆಚೆ ಇದ್ದರೆ ಬೇಡ. ನೂರು ಗಜಕ್ಕೆ ಸರಿಮಾಡಿದ .308 ಇನ್ನೂರಕ್ಕೆ ಹೋಗುವಷ್ಟರಲ್ಲಿ ಮೂರೂವರೆ, ನಾಲ್ಕು ಇಂಚು ಇಳಿದಿರುತ್ತದೆ. ಕೈಬೆರಳು ಚಳಿಗೆ ಮರಗಟ್ಟಿದ್ದರೂ ಬೇಡ. ಇದನ್ನು ಯಾರೂ ಹೇಳಿಕೊಡುವುದಿಲ್ಲ.

ಹೊಡೆದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಗುಲಾಬಿ ಬಣ್ಣದ ನೊರೆ ರಕ್ತ ಕಂಡರೆ ಶ್ವಾಸಕೋಶ, ಹತ್ತಿರವೇ ಸಿಗುತ್ತದೆ. ಕಡುಗೆಂಪು ಇದ್ದರೆ ಯಕೃತ್ತಿನ ಕಡೆ, ಮೂರು ನಾಲ್ಕು ಗಂಟೆ ಕಾಯಿರಿ. ಹಸಿರು, ಹುಳಿ ವಾಸನೆ ಬಂದರೆ ಏನು ಅಂತ ಹೇಳಿದೆನಲ್ಲ. ಹಿಂದೆ ಸರಿಯಿರಿ, ಎಂಟು ಹತ್ತು ಗಂಟೆ ಬಿಡಿ, ಆಮೇಲೆ ಎಷ್ಟು ದಿನವಾದರೂ ಹುಡುಕಿ. ಗಾಯ ಮಾಡಿ ಬಿಟ್ಟು ಬರಬಾರದು ಅಂತ ದೊಡ್ಡಪ್ಪನ ಕಾಲದ ಷಿಕಾರಿಯವರೂ ಹೇಳುತ್ತಿದ್ದರು.

ಕ್ಯಾಲಿಬರ್‌ಗಿಂತ ಗುಂಡು ಮುಖ್ಯ ಅನ್ನುವುದೂ ಇದೆ. ಸೀಸದ ಗುಂಡು ಒಳಗೆ ಒಡೆದು ಕಣ್ಣಿಗೆ ಕಾಣದ ಚೂರುಗಳನ್ನು ಮಾಂಸದಲ್ಲಿ ಬಿಡುತ್ತದೆ. ಮನೆಯಲ್ಲಿ ಸಣ್ಣ ಮಕ್ಕಳಿದ್ದಾರೆ, ಆ ಮಾಂಸದ ಸಾರು ಅವರೂ ತಿನ್ನುತ್ತಾರೆ. ನಾನು ಈಗ ಬಳಸುವುದು ಪೂರ್ತಿ ತಾಮ್ರದ್ದು, 150 ಗ್ರೇನ್. ಅಂದರೆ ಹತ್ತು ಗ್ರಾಂಗೆ ಸ್ವಲ್ಪ ಕಡಿಮೆ, ಒಂದು ತೊಲ ಬಂಗಾರದಷ್ಟೂ ತೂಕವಿಲ್ಲ. ದುಬಾರಿ, ನಿಜ. ಸೀಸನ್ನಿಗೆ ಎಷ್ಟು ಬೇಕು? ಎರಡೋ ಮೂರೋ. ಜಿಂಕೆಯ ತಲೆಯನ್ನು ತಪ್ಪದೆ ಪರೀಕ್ಷೆಗೆ ಕೊಡಿ. ಸಿಡಬ್ಲ್ಯೂಡಿ ಅನ್ನುವ, ಜಿಂಕೆಗಳ ಮೆದುಳು ಹಾಳು ಮಾಡುವ ರೋಗ ವಿಸ್ಕಾನ್ಸಿನ್‌ನಲ್ಲಿ 2002ರಿಂದ ಇದೆ, ನಮ್ಮ ಈ ದಕ್ಷಿಣ ಭಾಗದಲ್ಲೇ ಜಾಸ್ತಿ. ರಿಪೋರ್ಟ್ ಬರುವ ತನಕ ಮಾಂಸ ಫ್ರೀಜರ್‌ನಲ್ಲಿರಲಿ.

ಇಷ್ಟೆಲ್ಲ ಓದಿಯೂ ಯಾವ ಕ್ಯಾಲಿಬರ್ ಅಂತ ತೀರ್ಮಾನ ಆಗಲಿಲ್ಲವಾದರೆ ಸೆಪ್ಟೆಂಬರ್‌ನಲ್ಲಿ ಒಂದು ಶನಿವಾರ ನನ್ನ ಜೊತೆ ರೇಂಜ್‌ಗೆ ಬನ್ನಿ. ನವೆಂಬರ್ ಎರಡನೇ ವಾರ ಫೋನ್ ಮಾಡಬೇಡಿ, ಆಗ ಯಾರಿಗೂ ಕಲಿಸುವುದಕ್ಕಾಗುವುದಿಲ್ಲ. ನನ್ನ .308 ತರುತ್ತೇನೆ, ಹೆಂಡತಿಯ .243 ತರುತ್ತೇನೆ. ಎರಡಕ್ಕೂ ಇಪ್ಪತ್ತರ ಒಂದೊಂದು ಡಬ್ಬಿ ತೋಟಾ ನೀವು ತನ್ನಿ. ನಾನು ಹಾಕಿ ಕೊಡುತ್ತೇನೆ, ನೀವು ಹೊಡೆಯಿರಿ. ನಡುವೆ ಕೆಲವು ಸಲ ಖಾಲಿ ಕೊಡುತ್ತೇನೆ. ಯಾವ ಸಲ ಅಂತ ಹೇಳುವುದಿಲ್ಲ.