ವೇಗವೊಂದೇ ಸಾಲದು, ಪೆಲೆಟ್‌ನ ಓರೆಯನ್ನೂ ಅಳೆಯಿರಿ

ಒಂದೇ ವೇಗದಲ್ಲಿ ಹೋದರೂ, ಮೂತಿ ನೇರವಾಗಿ ಬಡಿದ ಪೆಲೆಟ್ (ಏರ್ ರೈಫಲ್ಲಿನ ಸಣ್ಣ ಗುಂಡು) ಇಳಿಯುವಷ್ಟು ಆಳಕ್ಕೆ ಓರೆಯಾಗಿ ಬಡಿದದ್ದು ಇಳಿಯುವುದಿಲ್ಲ. ಓರೆ ಎಂದರೆ ಪೆಲೆಟ್‌ನ ಮೂತಿ ಅದು ಹಾರುವ ದಾರಿಯಿಂದ ಎಷ್ಟು ಡಿಗ್ರಿ ವಾಲಿದೆ ಎಂಬುದು. ಗುಂಡುನಿರೋಧಕ ಕವಚದ ಪರೀಕ್ಷೆಗೆ ಅಮೆರಿಕದ ನ್ಯಾಯ ಇಲಾಖೆಯ ಸಂಸ್ಥೆ ಎನ್‌ಐಜೆಯ 0101.06 ಮಾನದಂಡ (2023ರಲ್ಲಿ ಇದರ ಜಾಗಕ್ಕೆ ಹೊಸದು ಬಂತು) ಎರಡಕ್ಕೂ ಮಿತಿ ಹಾಕಿದ್ದು ಇದಕ್ಕೇ: ವೇಗದಲ್ಲಿ ಸೆಕೆಂಡಿಗೆ 9.1 ಮೀಟರ್ ಹೆಚ್ಚು ಕಡಿಮೆ, ಓರೆ 5 ಡಿಗ್ರಿಯೊಳಗೆ. 4.5 ಮಿ.ಮೀ. ಏರ್ ರೈಫಲ್ ಇದ್ದರೆ ಕಾಲೇಜು ಲ್ಯಾಬಿನಲ್ಲೇ ಎರಡನ್ನೂ ಅಳೆಯಬಹುದು. ಹಿಂದೆ ಗಟ್ಟಿ ಪೆಲೆಟ್ ಕ್ಯಾಚರ್, ಎಲ್ಲರ ಕಣ್ಣಿಗೂ ಕನ್ನಡಕ ಕಡ್ಡಾಯ.

ವೇಗಕ್ಕೆ ಎರಡು ಬೆಳಕಿನ ಗೇಟು (ಎದುರುಬದುರು ದೀಪ, ಸೆನ್ಸರ್; ಪೆಲೆಟ್‌ನ ನೆರಳು ಬಿದ್ದಾಗ ಮೊದಲನೆಯದು ಗಡಿಯಾರ ಶುರು ಮಾಡುತ್ತದೆ, ಎರಡನೆಯದು ನಿಲ್ಲಿಸುತ್ತದೆ), ನಡುವೆ 600 ಮಿ.ಮೀ. ಸೆಕೆಂಡಿಗೆ 170 ಮೀಟರ್ ಹೋಗುವ ಪೆಲೆಟ್ ಇದನ್ನು ಸುಮಾರು 3.53 ಮಿಲಿಸೆಕೆಂಡಿನಲ್ಲಿ ದಾಟುತ್ತದೆ. ಅಂತರ 3 ಮಿ.ಮೀ. ತಪ್ಪಾಗಿ ಹಿಡಿದರೆ ಉತ್ತರ ಅರ್ಧ ಶೇಕಡಾ ತಪ್ಪುತ್ತದೆ. ಪೆಟ್ಟಿಗೆಯಿಂದ ಪೆಟ್ಟಿಗೆಗೆ ಅಲ್ಲ, ಸೆನ್ಸರ್‌ನಿಂದ ಸೆನ್ಸರ್‌ಗೆ ಅಳೆಯಿರಿ. ಮೊದಲ ಗೇಟನ್ನು ನಳಿಕೆಯ ಬಾಯಿಗೆ ಅಂಟಿಸಿ ಇಡಬೇಡಿ. ಸ್ಪ್ರಿಂಗ್ ರೈಫಲ್ಲಿನ ಎಣ್ಣೆ ಹೊಗೆಯೇ ಪೆಲೆಟ್‌ಗಿಂತ ಮುಂಚೆ ಗಡಿಯಾರ ಶುರು ಮಾಡಿಬಿಡುತ್ತದೆ. ಒಂದು ಮೀಟರ್ ಬಿಡಿ.

ಬಳ್ಳಾರಿಯಲ್ಲಿ ನಿಜವಾದ ಕಾಟ ಬಿಸಿಲಿನದು. ಕಿಟಕಿಯ ನೇರ ಬೆಳಕು ಸೆನ್ಸರ್ ಮೇಲೆ ಬಿದ್ದರೆ ಪೆಲೆಟ್‌ನ ನೆರಳು ಅದಕ್ಕೆ ಗೊತ್ತೇ ಆಗುವುದಿಲ್ಲ. ಕಿಟಕಿ ಮುಚ್ಚಿ ಟ್ಯೂಬ್‌ಲೈಟ್ ಹಾಕಿದಿರೋ, ಅದು ಸೆಕೆಂಡಿಗೆ 100 ಸಲ ಮಿನುಗಿ ಪೆಲೆಟ್ ಬಾರದೆಯೇ ಗಡಿಯಾರ ಶುರು ಮಾಡಿಬಿಡುತ್ತದೆ. ಬ್ಯಾಟರಿಯಿಂದ ಉರಿಯುವ ಇನ್‌ಫ್ರಾರೆಡ್ ಎಲ್‌ಇಡಿಯೇ ಸರಿ. ಅದಿರು ಲಾರಿಗಳ ಕೆಂಧೂಳು ಲೆನ್ಸ್ ಮೇಲೆ ಕೂತಿದ್ದರೆ ಮೊದಲು ಗಾಳಿ ಊದಿ, ಆಮೇಲೆ ಮೆತ್ತನೆ ಬಟ್ಟೆ. ನೇರ ಒರೆಸಿದರೆ ಗೀರು ಬೀಳುತ್ತದೆ.

ಓರೆಗೆ ಬೇಕಾದದ್ದು ಚೌಕಟ್ಟಿಗೆ ಬಿಗಿದ ಕಾಗದ. ಚಪ್ಪಟೆ ಮೂತಿಯ ಪೆಲೆಟ್ಟೇ ಬಳಸಿ, ಅಂಚು ಕತ್ತರಿಸಿದಂತೆ ಬರುತ್ತದೆ. ದುಂಡು ಮೂತಿಯದು ಕಾಗದ ಹರಿಯುತ್ತದೆ. ನೇರ ಹೋದರೆ ತೂತು ಗುಂಡಗೆ, ಓರೆಯಾದರೆ ಉದ್ದುದ್ದ. ಪೆಲೆಟ್ಟನ್ನು ಸಿಲಿಂಡರ್ ಎಂದುಕೊಂಡರೆ ತೂತಿನ ಉದ್ದ = ಪೆಲೆಟ್ ಉದ್ದ × ಸೈನ್ ಓರೆ + ವ್ಯಾಸ × ಕೊಸೈನ್ ಓರೆ. 5.5 ಮಿ.ಮೀ. ಉದ್ದದ್ದು 5 ಡಿಗ್ರಿ ಓರೆಯಾದರೆ ತೂತು ಸುಮಾರು 4.96 ಮಿ.ಮೀ., ಅಂದರೆ ವ್ಯತ್ಯಾಸ ಅರ್ಧ ಮಿ.ಮೀ. ಕೂಡ ಇಲ್ಲ. ಸ್ಕೇಲಿಗೆ ಇದು ದಕ್ಕುವುದಿಲ್ಲ. ತೂತಿನ ಫೋಟೊ ಹಿಡಿದು ಪಿಕ್ಸೆಲ್ ಎಣಿಸಿ. ವರ್ನಿಯರ್ ದವಡೆ ಒತ್ತಿದರೆ ಅಂಚು ಮಡಚುತ್ತದೆ.

ಒಂದೇ ಕಾಗದವನ್ನು ನಂಬಬೇಡಿ. ಪೆಲೆಟ್ ಹಾರುತ್ತಾ ಓಲಾಡುತ್ತದೆ, ಓರೆ ಸೊನ್ನೆಗಿಳಿದ ಜಾಗದಲ್ಲೇ ನಿಮ್ಮ ಕಾಗದ ಇದ್ದಿರಬಹುದು. ನಾಲ್ಕೈದು ಕಡೆ ಕಟ್ಟಿ. ಆದರೆ ಪ್ರತಿ ಕಾಗದವೂ ಪೆಲೆಟ್ಟನ್ನು ಚೂರು ಅಲುಗಿಸುತ್ತದೆ, ಹಾಗಾಗಿ ತೆಳ್ಳಗಿರಲಿ, ಗೇಟುಗಳ ಆಚೆಗೇ ಇರಲಿ.

ಹೈಸ್ಪೀಡ್ ಕ್ಯಾಮೆರಾ ಸಿಕ್ಕರೆ 45 ಡಿಗ್ರಿ ಕನ್ನಡಿ ಇಟ್ಟು ಮೇಲಿನ ನೋಟ, ಪಕ್ಕದ ನೋಟ ಎರಡನ್ನೂ ಒಂದೇ ಫ್ರೇಮಿನಲ್ಲಿ ಹಿಡಿಯಿರಿ. ಎಕ್ಸ್‌ಪೋಶರ್ 10 ಮೈಕ್ರೊಸೆಕೆಂಡ್ ಇದ್ದರೆ ಚಿತ್ರ 1.7 ಮಿ.ಮೀ. ಮಸುಕಾಗುತ್ತದೆ, ಅದರಲ್ಲಿ ಕೋನ ಓದಲು ಆಗದು. 1 ಮೈಕ್ರೊಸೆಕೆಂಡಿಗೆ ಇಳಿಸಿ, ದೀಪ ಹೆಚ್ಚಿಸಿ.