ಎರಡು ನಿಮಿಷದ ಡಿಫ್ಯೂಷನ್

ಬಳ್ಳಾರಿ ಬಿಸಿಲಲ್ಲಿ ಎಂಆರ್‌ಐ ರೂಮಿನ ಎಸಿಯೇ ನಮಗೆ ಊಟಿ. ಇವತ್ತು ಸಿರುಗುಪ್ಪ ಕಡೆಯ ಒಬ್ಬ ಅಜ್ಜ ಬಂದಿದ್ದರು. ಮೂರು ತಿಂಗಳ ಹಿಂದೆ ಭತ್ತದ ಲೆಕ್ಕ ಬಾಯಲ್ಲೇ ಹೇಳುತ್ತಿದ್ದವರಂತೆ, ಈಗ ಮಗನ ಗುರುತೂ ಇಲ್ಲ. ಮಲಗಿಸಿದರೆ ಕೈ ತಾನಾಗೇ ಎಗರುತ್ತದೆ. "ಅಲುಗಾಡಬ್ಯಾಡ್ರಿ ಅಜ್ಜಾ" ಅಂದರೆ ಅವರಿಗೆ ತಿಳಿಯಬೇಕಲ್ಲ!

ಒಂದೇ ಮಿದುಳನ್ನು ಎಂಆರ್‌ಐ ಬೇರೆ ಬೇರೆ ಬಗೆಯಲ್ಲಿ ತೆಗೆಯುತ್ತೆ. ಟಿ1 ಅನ್ನುವ ಬಗೆಯಲ್ಲಿ ಏನೂ ಇಲ್ಲ. ಟಿ2ನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು. ಫ್ಲೇರ್ ಮುಗಿಯುವಷ್ಟರಲ್ಲಿ ಅಜ್ಜ ಅಲುಗಾಡಿ ಚಿತ್ರ ಕಲಸಿಹೋಯಿತು. ಮಿದುಳಲ್ಲಿ ನೀರಿನ ಕಣಗಳ ಓಡಾಟ ತೋರಿಸುವ ಡಿಫ್ಯೂಷನ್ ಮಾತ್ರ ಎರಡು ನಿಮಿಷದಲ್ಲಿ ಸಿಕ್ಕಿತು. ಮಿದುಳಿನ ಅಂಚಿಗೆ ಬಿಳಿ ರಿಬ್ಬನ್ ಹೊಲಿದ ಹಾಗೆ. ಒಳಗೆ ಆಳದಲ್ಲಿರುವ ಕಾಡೇಟ್, ಪುಟಾಮೆನ್ ಅನ್ನುವ ಭಾಗಗಳು ಕೂಡ ಬೆಳ್ಳಗೆ. ಅದರ ಜೋಡಿ ಚಿತ್ರವಾದ ಎಡಿಸಿ ಮ್ಯಾಪಲ್ಲಿ ಅದೇ ಜಾಗ ಕಪ್ಪು, ಅಂದರೆ ಅಲ್ಲಿ ನೀರಿನ ಓಡಾಟ ನಿಜಕ್ಕೂ ಕಡಿಮೆ. ಡಾಕ್ಟರ್ ಮೇಡಂ ಕುರ್ಚಿ ಎಳೆದುಕೊಂಡು ಸುಮ್ನೆ ಕೂತರು. ಆಮೇಲೆ, "ಸಿಜೆಡಿ ಇರಬಹುದು, ಮಿದುಳನ್ನು ಬೇಗ ಹಾಳು ಮಾಡುವ ಪ್ರಿಯಾನ್ ಕಾಯಿಲೆ. ಫಿಟ್ಸ್ ಬಂದಿತ್ತಾ ಕೇಳು, ಆಗಲೂ ಅಂಚು ಹೀಗೆ ಬೆಳ್ಳಗಾಗುತ್ತೆ" ಅಂದರು. ಬಂದಿರಲಿಲ್ಲ.

ಬೇರೆ ಕಡೆ ತೆಗೆಸಿದ್ದ ಹಳೇ ಫಿಲ್ಮ್ ತಂದಿದ್ದರು. ಅದರಲ್ಲಿ ಡಿಫ್ಯೂಷನ್ನೇ ಇಲ್ಲ. ವಯಸ್ಸಿನ ಮರೆವು ಅಂತ ಬರೆದು ಕಳಿಸಿದ್ದಾರೆ. ಎರಡು ನಿಮಿಷ ಉಳಿಸಿ ಏನು ಮಾಡಿದರೋ.

ಪ್ರಿಯಾನ್ ವೈರಸ್ಸೂ ಅಲ್ಲ, ಬ್ಯಾಕ್ಟೀರಿಯಾನೂ ಅಲ್ಲ. ತಪ್ಪಾಗಿ ಮಡಚಿಕೊಂಡ ಪ್ರೋಟೀನ್, ಪಕ್ಕದ್ದನ್ನೂ ಹಾಗೇ ಮಡಚುತ್ತಾ ಹೋಗುತ್ತೆ. ಆ ಹೆಸರಿಟ್ಟ ಸ್ಟ್ಯಾನ್ಲಿ ಪ್ರೂಸಿನರ್‌ಗೆ 1997ರಲ್ಲೇ ನೊಬೆಲ್ ಬಂತು. ವಾಸಿ ಮಾಡುವ ಮದ್ದು ಇನ್ನೂ ಬಂದಿಲ್ಲ.

ಹೊರಗೆ ಮಗ ಅಪ್ಪನ ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ. "ಫೋಟೋ ಚಲೋ ಬಂತೇನ್ರಿ ಸರ್?"

ಹ್ಞೂಂ ಅಂದೆ. ಚಲೋನೇ ಬಂದಿತ್ತು.